ಶ್ರೀರಂಗಪಟ್ಟಣದಲ್ಲಿ ಗೌರಿಹಬ್ಬ

ಗೌರಿಹಬ್ಬವೆಂದರೆ ಹಳೆಯ ಮೈಸೂರು ಸೀಮೆಯ ಹೆಣ್ಣುಮಕ್ಕಳಿಗೆ ತವರಿನ ಹಬ್ಬ. ಭಾದ್ರಪದ ಶುದ್ಧ ತದಿಗೆಯ ದಿನ ಗೌರಿಯು ಕೈಲಾಸವನ್ನು ಬಿಟ್ಟು ತವರಾದ ಈ ಭೂಮಿಗೆ ಬರುವಳೆಂದೂ, ಮಾರನೆಯ ದಿನ ಚೌತಿಗೆ ಮಗನಾದ ಗಣಪತಿಯು ತಾಯಿಯನ್ನು ಹಿಂದಕ್ಕೆ ಕರೆದುಕೊಂಡು ಹೋಗಲು ಬರುವನೆಂದೂ ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ದೇವಿಗೇ ಒಂದು ದಿನಕ್ಕಿಂತ ಹೆಚ್ಚಾಗಿ ತವರಿನಲ್ಲಿ ನಿಲ್ಲಲು ಬಿಡುವಿಲ್ಲವೆಂದ ಮೇಲೆ ನರಮನುಷ್ಯರ ಪಾಡನ್ನು ಕೇಳಬೇಕೆ? ಹೋಗಲಾರದ ಹೆಣ್ಣುಮಕ್ಕಳಿಗೆ ತವರಿನವರು ಬಾಗಿನಕ್ಕೆಂದು ಹಣವನ್ನಾದರೂ ಕಳುಹಿಸುವರು. ಅಣ್ಣತಮ್ಮಂದಿರು ವರ್ಷವಿಡೀ ಒಂದು ಕಾಗದ ಬರೆಯದಿದ್ದರೂ ಚಿಂತೆಯಿಲ್ಲ. ಗೌರಿಹಬ್ಬಕ್ಕೆ ಐವತ್ತೋ ನೂರೋ ಬಾರದೆ ಹೋದರೆ ಮಾತ್ರ ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿಯುವುದು. ಇದು ಹಣದ ಮಾತಲ್ಲವೆಂಬುದನ್ನು ನಮ್ಮ ವಾಚಕ ಸೋದರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮಗೆ ಅಣ್ಣತಮ್ಮಂದಿರಿಲ್ಲ. ನಮ್ಮ ತಾಯಿಯವರು ನಮಗೆ ನಾಲ್ಕು ವರ್ಷ ತುಂಬುವುದರೊಳಗಾಗಿ ತೀರಿಕೊಂಡರು. ತಂದೆಯವರದು ಊರೂರು ಸುತ್ತುವ ಕೆಲಸ. ಹೀಗಾಗಿ ನಮ್ಮನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಶಾಲೆಗೆ ಕಳುಹಿಸಿ, ಕೊನೆಗೆ ಮದುವೆಯನ್ನೂ ಮಾಡಿಕೊಟ್ಟವರು ಶ್ರೀರಂಗಪಟ್ಟಣದ ಸೋದರತ್ತೆ. ಮದುವೆಯಾದ ವರ್ಷದಿಂದ ಗೌರಿಹಬ್ಬಕ್ಕೆ ನಾಲ್ಕು ದಿನ ಮುಂಚಿತವಾಗಿ ಅವರಿಂದ ಮನಿಯಾರ್ಡರು ಬರುತ್ತಿದ್ದಿತು. ಚೀಟಿಯ ಕೆಳತುದಿಯಲ್ಲಿ, “ಗೌರಿ ಬಾಗಿನಕ್ಕೆ. ಬಿಚ್ಚೋಲೆ ಮರೆಯಬೇಡ” ಎಂಬ ಒಂದೇ ಸಾಲು. ಈಚೆಗೆ ಮನಿಯಾರ್ಡರಿನ ಕಾಲ ಹೋಗಿ, ಅತ್ತೆಯ ಸೊಸೆ ದೂರವಾಣಿಯ ಮೂಲಕ ಕ್ಷಣಮಾತ್ರದಲ್ಲಿ ಹಣ ಕಳುಹಿಸುತ್ತಾಳೆ. ಆದರೂ ಆ ಒಂದು ಸಾಲನ್ನು ಮಾತ್ರ ಅತ್ತೆ ತಾವೇ ಎದುರಿಗೆ ನಿಂತು ಬರೆಯಿಸುತ್ತಾರೆ. ಇಷ್ಟು ವರ್ಷ ತಪ್ಪದೆ ಬಾಗಿನದ ಹಣವನ್ನು ಕಳುಹಿಸಿದ ಆ ಹೆಂಗಸು ತಾವು ಒಂದು ಬಾಗಿನವನ್ನು ಕೈಯಲ್ಲಿ ಹಿಡಿದು ಮೂವತ್ತೊಂದು ವರ್ಷವಾಗಿದ್ದಿತು. ನಮ್ಮ ಮಾವನವರು ತೀರಿಕೊಂಡು ಅಷ್ಟು ವರ್ಷವಾಯಿತು.

೨೦೨೪ನೆಯ ಇಸವಿಯಲ್ಲಿ ಗೌರಿಹಬ್ಬವು ಸೆಪ್ಟೆಂಬರ್ ತಿಂಗಳ ೬ನೆಯ ತಾರೀಖು ಶುಕ್ರವಾರ ಬಂದಿತು. ಅದಕ್ಕೆ ಒಂದು ವಾರ ಮುಂಚೆ ಅತ್ತೆ ತಾವಾಗಿಯೇ ದೂರವಾಣಿಯಲ್ಲಿ ಮಾತನಾಡಿದರು. “ಮಣ್ಣು ಕಲಸುವುದಕ್ಕೆ ಬೆರಳು ಮಡಿಸಲು ಬರುವುದಿಲ್ಲ ಕಣೇ. ಇದೊಂದು ವರ್ಷ ಹೇಗೋ ಆದೀತು. ಮಗುವನ್ನು ಕರೆದುಕೊಂಡು ಬಾ, ಕಲಿತುಕೊಳ್ಳಲಿ” ಎಂದರು. ಅವರು ‘ಬಾ’ ಎಂದು ಕರೆದುದು ನಮಗೆ ನೆನಪಿರುವಂತೆ ಅದೇ ಮೊದಲು. ಅತ್ತೆಯ ಮನೆಯಲ್ಲಿ ಹಬ್ಬ ಬಿಟ್ಟು ತವರಿಗೆ ಓಡಿಬರುವುದು ಹೆಣ್ಣಿಗೆ ಲಕ್ಷಣವಲ್ಲವೆಂಬುದು ಅವರ ಹಳೆಯ ಮತ. ನಮ್ಮ ಯಜಮಾನರು, “ಹೊರಡೋಣ” ಎಂದರು. ಮಗಳಿಗೆ ಒಂಬತ್ತು ವರ್ಷ; ಶಾಲೆಗೆ ಒಂದು ದಿನ ತಪ್ಪುವುದೆಂಬ ಸಂತೋಷದಲ್ಲಿ ಅವಳೇ ಎಲ್ಲರಿಗಿಂತ ಮೊದಲು ಸಿದ್ಧಳಾದಳು.

ಬೆಂಗಳೂರಿನಿಂದ ಮೈಸೂರಿಗೆ ಈಗ ಹತ್ತು ಸಾಲಿನ ಹೊಸ ಹೆದ್ದಾರಿ ಇದೆ; ೨೦೨೩ರ ಮಾರ್ಚಿಯಲ್ಲಿ ಅದರ ಉದ್ಘಾಟನೆಯಾಯಿತು. ಅದರ ಮೇಲೆ ಹೋದವರು ಬೇಗ ತಲಪುವರೇ ಹೊರತು ದಾರಿಯಲ್ಲಿ ಒಂದು ಊರನ್ನೂ ಕಾಣರು. ಆದುದರಿಂದ ನಾವು ಗುರುವಾರ ಬೆಳಗಿನ ಪ್ಯಾಸೆಂಜರು ರೈಲನ್ನೇ ಹಿಡಿದೆವು. ರಾಮನಗರದ ಬಂಡೆಬೆಟ್ಟಗಳು ಮಂಜಿನಿಂದ ಆಗ ತಾನೇ ಹೊರಬರುತ್ತಿದ್ದುವು. ಚನ್ನಪಟ್ಟಣದಲ್ಲಿ ಮಗಳು ಅರಗಿನ ಬಣ್ಣದ ಬುಗುರಿಗಾಗಿ ಹಟ ಹಿಡಿದಳು. ಮದ್ದೂರಿನಲ್ಲಿ ವಡೆ ಕೊಂಡು ಬಾಯಿ ಮುಚ್ಚಿಸಿದ್ದಾಯಿತು. ಗಾಡಿಯಲ್ಲಿ ಕುಳಿತಿದ್ದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಒಬ್ಬೊಬ್ಬರ ಕಾಲ ಬಳಿಯೂ ಒಂದೊಂದು ಚೀಲ, ಚೀಲದ ಬಾಯಿಂದ ಹೊರಕ್ಕೆ ಇಣುಕುವ ಮೊರದ ಅಂಚು. ಎಲ್ಲರೂ ತವರಿನ ದಾರಿ ಹಿಡಿದವರು. ಎದುರಿನ ಬೆಂಚಿನ ಹೆಂಗಸು ಪಾಂಡವಪುರದಲ್ಲಿ ಇಳಿಯುವವಳು. ತಮ್ಮ ನಿಲ್ದಾಣಕ್ಕೆ ಬರುತ್ತಾನೋ ಇಲ್ಲವೋ ಎಂದು ಮಂಡ್ಯದಿಂದಲೇ ಕಿಟಕಿಗೆ ಮುಖವೊತ್ತಿ ಕುಳಿತಿದ್ದಳು. ಬಂದಿದ್ದ. ಅವಳು ಇಳಿಯುವಾಗ ನಮ್ಮ ಕಡೆಗೆ ತಿರುಗಿ ನಕ್ಕ ನಗೆಯನ್ನು ನೋಡಿ ನಮಗೂ ಸಮಾಧಾನವಾಯಿತು.

ಮದ್ದೂರು ಮಂಡ್ಯಗಳ ಬಯಲೆಲ್ಲ ಕಬ್ಬು, ಬತ್ತ. ಒಂದು ಕಾಲಕ್ಕೆ ರಾಗಿ ಹುರುಳಿಗಳಿಗೆ ಮಳೆಯ ಮುಖವನ್ನು ನೋಡುತ್ತಿದ್ದ ಸೀಮೆಯಿದು. ಕನ್ನಂಬಾಡಿಯ ಬಳಿ ಕಾವೇರಿಗೆ ಕಟ್ಟೆ ಕಟ್ಟಿ, ಅಲ್ಲಿಂದ ನಾಲೆ ತಂದುದರಿಂದ ಇದು ಹಸುರಾಯಿತು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಆಯಿತು. ಈ ನೀರಿನ ಮಾತನ್ನು ಮುಂದೆ ಇನ್ನೊಮ್ಮೆ ಎತ್ತಬೇಕಾಗಿದೆ.

ಶ್ರೀರಂಗಪಟ್ಟಣವನ್ನು ರೈಲಿನಲ್ಲಿ ಹೊಗುವುದೇ ಒಂದು ಚೆಂದ. ಗಾಡಿಯ ಸದ್ದು ಇದ್ದಕ್ಕಿದ್ದಂತೆ ಬದಲಾಗುವುದು. ಕೆಳಗೆ ನೋಡಿದರೆ ಬಂಡೆಗಳ ನಡುವೆ ಸುಳಿಸುಳಿದು ಹರಿಯುವ ಕಾವೇರಿ. ಹೊಳೆ ಇಲ್ಲಿ ಎರಡಾಗಿ ಒಡೆದು ಊರನ್ನು ತೋಳಿನಲ್ಲಿ ಬಳಸಿಕೊಂಡು, ಮೂಡಲ ತುದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ನಡುವೆ ಉಳಿದ ದ್ವೀಪದಲ್ಲಿ ಆದಿರಂಗ ಮಲಗಿದ್ದಾನೆ. ೧೬೧೦ರಿಂದ ೧೭೯೯ರ ವರೆಗೆ ಇದು ಮೈಸೂರಿನವರ ರಾಜಧಾನಿ. ಕೋಟೆ, ಗುಂಬಜ್, ದರಿಯಾ ದೌಲತ್ ಇವನ್ನೆಲ್ಲ ಪ್ರವಾಸಿಗರು ದಿನವೂ ನೋಡಿ ಹೋಗುತ್ತಾರೆ. ಅವುಗಳ ವರ್ಣನೆಗೆ ಬೇರೆ ಪುಸ್ತಕಗಳಿವೆ. ರೈಲಿನ ಜೋಡಿದಾರಿಗೆ ಅಡ್ಡ ಬಂದ ಟೀಪುವಿನ ಕಾಲದ ಮದ್ದಿನ ಮನೆಯೊಂದನ್ನು ೨೦೧೭ರಲ್ಲಿ ಒಡೆಯದೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರಲ್ಲ, ಅದನ್ನು ಮಾತ್ರ ನಮ್ಮ ಯಜಮಾನರು ಮಗಳಿಗೆ ತೋರಿಸದೆ ಬಿಡಲಿಲ್ಲ. “ಮನೆಯನ್ನು ಎತ್ತಿಟ್ಟರೇ?” ಎಂದು ಅವಳು ಕೇಳಿದುದು ಆ ದಿನ ಹತ್ತು ಸಲವಾದರೂ ಆದೀತು.

ನಮಗೆ ಈ ಊರಿನಲ್ಲಿ ನೆನಪಾಗುವವಳು ಇನ್ನೊಬ್ಬಳು. ಚಿಕ್ಕದೇವರಾಜ ಒಡೆಯರು ೧೬೭೩ರಿಂದ ೧೭೦೪ರ ವರೆಗೆ ಇಲ್ಲಿ ಆಳುತ್ತಿದ್ದಾಗ ಅವರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ. ಪತಿವ್ರತೆಯ ನಡೆನುಡಿ ಹೇಗಿರಬೇಕೆಂದು ‘ಹದಿಬದೆಯ ಧರ್ಮ’ವನ್ನು ಬರೆದವಳು ಅವಳೇ, ಹೆಣ್ಣೆಂದು ಹೀಗಳೆಯುವವರನ್ನು ಅದೇ ಕಾವ್ಯದಲ್ಲಿ ತರಾಟೆಗೆ ತೆಗೆದುಕೊಂಡವಳೂ ಅವಳೇ. ಈ ಎರಡು ಮಾತುಗಳೂ ಒಬ್ಬಳ ಬಾಯಿಂದಲೇ ಬಂದುದು ನಮಗೆ ಚಿಕ್ಕಂದಿನಲ್ಲಿ ವಿಚಿತ್ರವಾಗಿ ತೋರುತ್ತಿದ್ದಿತು. ನಮ್ಮ ಅತ್ತೆಯನ್ನು ಬಲ್ಲ ಮೇಲೆ ಹಾಗೆ ತೋರುವುದಿಲ್ಲ.

ಊಟವಾದ ಮೇಲೆ ಪೇಟೆಗೆ ಹೊರಟೆವು. ಹಬ್ಬದ ಹಿಂದಿನ ದಿನದ ಪೇಟೆ! ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆಯ ಕುಕ್ಕೆಗಳು, ಬಣ್ಣ ಬಳಿದ ಗಣಪತಿಗಳ ಸಾಲು, ಅವುಗಳ ಪಕ್ಕದಲ್ಲಿ ಸಣ್ಣಗೆ ಕುಳಿತ ಗೌರಿಯರು. ಮೇದರ ಹೆಂಗಸೊಬ್ಬಳು ಹೊಸ ಬಿದಿರಿನ ಮೊರಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಕುಳಿತಿದ್ದಳು. ಹಸಿ ಬಿದಿರಿನ ಆ ವಾಸನೆ ಮೂಗಿಗೆ ಬಂದರೆ ಸಾಕು, ನಮಗೆ ಹಬ್ಬ ಬಂದಂತೆ. ಆಚೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಮೊರಗಳು ತೂಗುತ್ತಿದ್ದುವು. ಬಾಗಿನದ ಸಾಮಾನೆಂದು ಒಂದೊಂದು ಚಮಚ ಬೇಳೆ, ಬೆರಳುಗಾತ್ರದ ಬಾಚಣಿಗೆ, ಮುಖ ಕಾಣದ ಕನ್ನಡಿ ಎಲ್ಲವನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿ ಮಾರುತ್ತಿದ್ದರು. ಅತ್ತೆ ಅದನ್ನು ಎತ್ತಿ ನೋಡಿ, “ಗೊಂಬೆ ಮದುವೆಗೆ ಸರಿ” ಎಂದು ಕೆಳಗಿಟ್ಟರು. ಮೇದರವಳೊಡನೆ ಕಾಲು ಗಂಟೆ ಚೌಕಾಸಿ ಮಾಡಿದರು. ಕೊನೆಗೆ ಅವಳು ಕೇಳಿದಷ್ಟನ್ನೇ ಕೊಟ್ಟು, “ವರ್ಷಕ್ಕೊಂದು ದಿನ ಅವಳಿಗೂ ಹಬ್ಬ” ಎಂದರು. ಹಾಗಾದರೆ ಚೌಕಾಸಿ ಏತಕ್ಕೆ ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

ಐದು ಜೊತೆ ಮೊರ ತೆಗೆದುಕೊಂಡದ್ದಾಯಿತು. ಅತ್ತೆ ಮುಂದೆ ಹೋದಾಗ ನಾವು ಹಿಂದಕ್ಕೆ ಬಂದು ಇನ್ನೊಂದು ಜೊತೆಯನ್ನು ಕೊಂಡು ಚೀಲದ ತಳದಲ್ಲಿ ಇಟ್ಟೆವು.

ಸಂಜೆ ಮಣ್ಣಿನ ಕೆಲಸ. ಈ ಮನೆಯಲ್ಲಿ ಗೌರಿಯನ್ನು ಅಂಗಡಿಯಿಂದ ತರುವ ಪದ್ಧತಿಯಿಲ್ಲ. ಕೆಲವರ ಮನೆಗಳಲ್ಲಿ ಅರಿಸಿನದ ಗೌರಿ, ಕೆಲವರಲ್ಲಿ ಮರಳಿನ ಗೌರಿ. ಇಲ್ಲಿ ಹೊಳೆಯ ದಡದ ಜೇಡಿಮಣ್ಣು. ಅತ್ತೆ ಮಣೆಯ ಮುಂದೆ ಕಾಲು ಚಾಚಿ ಕುಳಿತು, ಮಣ್ಣಿನಲ್ಲಿದ್ದ ಕಲ್ಲುಹರಳುಗಳನ್ನು ಆರಿಸಿ, ನೀರು ಚಿಮುಕಿಸಿ, ಮಗಳ ಕೈಯಿಂದ ನಾದಿಸಿದರು. “ರೊಟ್ಟಿ ಹಿಟ್ಟಿನ ಹದ. ಬೆರಳಿಗೆ ಹತ್ತಬಾರದು, ಬಿರಿಯಲೂಬಾರದು.” ತಳವನ್ನು ಅಗಲಿಸಿ, ಸೊಂಟವನ್ನು ಹಿಡಿದು, ಹೆಬ್ಬೆರಳಿನಿಂದ ಒತ್ತಿ ಕೆನ್ನೆ ತಿದ್ದಿದರು. ಸಂಧಿವಾತದಿಂದ ಬಾಗಿದ ಬೆರಳುಗಳು ಮಣ್ಣು ಮುಟ್ಟಿದೊಡನೆ ಹೇಗೋ ನೆಟ್ಟಗಾಗುತ್ತಿದ್ದುವು. ಮೂಗಿಗೆ ಒಂದು ಅಕ್ಕಿಕಾಳು. ಕಣ್ಣಿಗೆ ಎರಡು ಕರಿಮಣಿ. ಮಗಳ ಕಡೆಗೆ ತಿರುಗಿಸಿ, “ಯಾರ ಹಾಗಿದ್ದಾಳೆ?” ಎಂದು ಕೇಳಿದರು. ಅವಳು, “ನಿಮ್ಮ ಹಾಗೆ” ಎಂದಳು. ಅತ್ತೆ ನಕ್ಕು ಗೌರಿಯನ್ನು ಗೋಡೆಯ ಕಡೆ ಮುಖಮಾಡಿ ಆರಲು ಇಟ್ಟರು.

ಆಗ ಮಗಳು ಒಂದು ಮಾತು ಕೇಳಿದಳು: “ಅಜ್ಜಿ, ನಾಳೆ ಪೂಜೆ ನೀವು ಮಾಡುವುದಿಲ್ಲವಂತೆ, ಯಾಕೆ? ಗೌರಿಯನ್ನು ನೀವೇ ಮಾಡಿದಿರಲ್ಲ?”

ಅತ್ತೆಯ ಸೊಸೆ ನಮ್ಮ ಮುಖ ನೋಡಿದಳು. ಅತ್ತೆ ಕೈ ತೊಳೆದುಕೊಳ್ಳುತ್ತ, “ಪ್ರಾಣಪ್ರತಿಷ್ಠೆ ಆಗುವ ತನಕ ಅವಳು ಬರಿಯ ಮಣ್ಣು ಮಗು. ಮಣ್ಣಿಗೆ ನನ್ನ ಕೈ ಆಗುತ್ತದೆ” ಎಂದರು. ಅದರಲ್ಲಿ ದುಃಖವಾಗಲಿ ದೂರಾಗಲಿ ಇರಲಿಲ್ಲ. ಬೇಳೆ ನೆನೆಹಾಕಬೇಕೆಂದು ಹೇಳುವ ದನಿಯಲ್ಲಿಯೇ ಹೇಳಿದರು. ನಮಗೆ ಎದೆಯಲ್ಲಿ ಏನೋ ಸಿಕ್ಕಿಕೊಂಡಂತಾಯಿತು.

ರಾತ್ರಿ ಮೊರಗಳನ್ನು ತುಂಬಲು ಕುಳಿತೆವು. ಮೊರಕ್ಕೆ ಅರಿಸಿನ ಸವರಿ ಕುಂಕುಮವಿಟ್ಟು, ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಉದ್ದು, ಗೋದಿ, ರವೆ, ಅಚ್ಚುಬೆಲ್ಲ, ಉಪ್ಪು ಇವನ್ನು ಬೇರೆ ಬೇರೆ ಕಟ್ಟಿ ಇಡಬೇಕು. ನಡುವೆ ತೆಂಗಿನಕಾಯಿ, ಎಲೆಯಡಿಕೆ, ರವಿಕೆಯ ಕಣ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ. ಇನ್ನೊಂದು ಮೊರವನ್ನು ಮೇಲೆ ಕವುಚಿ ದಾರ ಸುತ್ತಿದರೆ ಒಂದು ಬಾಗಿನ. ಸಂಸಾರಕ್ಕೆ ಬೇಕಾದುದೆಲ್ಲ ಅದರಲ್ಲಿ ಇದೆ ನೋಡಿ: ಹೊಟ್ಟೆಗೆ ಧಾನ್ಯ, ನಾಲಗೆಗೆ ಉಪ್ಪು ಬೆಲ್ಲ, ಮೈಗೆ ಬಟ್ಟೆ, ಮುಖಕ್ಕೆ ಕನ್ನಡಿ. ಮೊರವೂ ಸುಮ್ಮನೆ ಆರಿಸಿದುದಲ್ಲ. ಜೊಳ್ಳನ್ನು ತೂರಿ ಕಾಳನ್ನು ಉಳಿಸುವ ಸಾಧನವದು. ಮನೆ ಮನೆಯ ಹೆಂಗಸರು ವರ್ಷಕ್ಕೊಮ್ಮೆ ಒಂದು ಮೊರದಷ್ಟು ದವಸವನ್ನು ಕೈಯಿಂದ ಕೈಗೆ ದಾಟಿಸುವರಷ್ಟೆ. ಕೊಟ್ಟವಳಿಗೂ ಇನ್ನೊಬ್ಬಳಿಂದ ಬರುವುದು. ಲೆಕ್ಕ ಹಾಕಿದರೆ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ಆದರೆ ಆ ಸುತ್ತಿನಿಂದ ಒಮ್ಮೆ ಹೊರಗಾದವಳಿಗೆ ಅಲ್ಲಿಂದ ಮುಂದಕ್ಕೆ ಏನೂ ಬರುವುದಿಲ್ಲ; ಕೊಡುವುದಕ್ಕೂ ಆಗುವುದಿಲ್ಲ.

ಐದು ಬಾಗಿನಗಳಲ್ಲಿ ಒಂದು ದೇವಿಗೆ, ಒಂದು ತಾಯಿಗೆಂದು ವಾಡಿಕೆ. ಮದುವೆಯಾದಂದಿನಿಂದ ನಮ್ಮ ‘ತಾಯಿಯ ಬಾಗಿನ’ ವರ್ಷಕ್ಕೊಬ್ಬರ ಮನೆಗೆ ಹೋಗಿದೆ. ಒಮ್ಮೆ ಪಕ್ಕದ ಮನೆಯವರಿಗೆ, ಒಮ್ಮೆ ಯಜಮಾನರ ಚಿಕ್ಕಮ್ಮನಿಗೆ, ಒಂದು ವರ್ಷವಂತೂ ಹೆಸರು ಕೂಡ ತಿಳಿಯದ ಒಬ್ಬ ಹೆಂಗಸಿಗೆ. ನಮಗೆ ತಾಯಿಯಾದವರು ಮಾತ್ರ ಪ್ರತಿ ವರ್ಷವೂ ಅದಕ್ಕೆ ಹಣ ಕಳುಹಿಸಿದರು. ಎಲ್ಲರೂ ಎದ್ದು ಹೋದ ಮೇಲೆ ನಾವು ಆರನೆಯ ಜೊತೆಯನ್ನು ಚೀಲದಿಂದ ತೆಗೆದೆವು. ಅತ್ತೆ ನೋಡಿದೊಡನೆಯೇ ತಿಳಿದುಕೊಂಡರು.

“ಅದು ಯಾರಿಗೆ?”

ನಿಮಗೆ ಎಂದೆವು.

“ನಿನಗೆ ಬುದ್ಧಿ ಇದೆಯೇ?” ಎಂದರು. ಗದರಿದುದಲ್ಲ, ಗಾಬರಿಯಿಂದ ಅಂದ ಮಾತು. “ನಿನ್ನ ಕುಂಕುಮ ಗಟ್ಟಿಯಾಗಿರಲಿ ಎಂದು ನಾನು ದಿನಾ ಕೈ ಮುಗಿಯುತ್ತೇನೆ. ನಾನು ಹೇಗೆ ಸೆರಗು ಒಡ್ಡಲಿ?”

ನಮ್ಮ ಹತ್ತಿರ ಬೇಕಾದಷ್ಟು ವಾದಗಳಿದ್ದುವು. ದಾರಿಯುದ್ದಕ್ಕೂ ರೈಲಿನಲ್ಲಿ ಅವನ್ನೇ ಜೋಡಿಸಿಕೊಂಡು ಬಂದಿದ್ದೆವು. ಇಂಥ ಸಂದರ್ಭದಲ್ಲಿ ಸಮಾಜವನ್ನು ದೂರುವುದು ಸುಲಭ. ಆದರೆ ಆ ಮನೆಯಲ್ಲಿ ಅವರನ್ನು ತಡೆಯುವವರು ಯಾರಿದ್ದರು? ಮಗ, “ತೆಗೆದುಕೊಳ್ಳಮ್ಮ” ಎನ್ನುತ್ತಿದ್ದ. ಸೊಸೆ ಹಿಂದಿನ ವರ್ಷವೇ ಅರಿಸಿನ ಕುಂಕುಮವನ್ನು ಮುಂದೆ ಹಿಡಿದು ಬೈಸಿಕೊಂಡಿದ್ದಳಂತೆ. ನೆರೆಹೊರೆಯವರಿಗೆ ಈಗ ಇಂಥದನ್ನು ಎಣಿಸಿ ನೋಡಲು ಪುರುಸೊತ್ತೂ ಇಲ್ಲ. ಬಾಗಿಲಲ್ಲಿ ಕಾವಲು ನಿಂತವರು ಅತ್ತೆಯೇ. ಅವರೊಡನೆ ಜಗಳವಾಡುವುದು ಹೇಗೆ? ನಾವು ಸುಮ್ಮನಾಗಿ ಆ ಮೊರವನ್ನು ಮೂಲೆಗೆ ಸರಿಸಿ ಮಲಗಿದೆವು.

ಬೆಳಗ್ಗೆ ಪೂಜೆಗೆ ಪುರೋಹಿತರು ಸಿಕ್ಕಲಿಲ್ಲ. ಗೌರಿ ಗಣೇಶ ಎರಡು ದಿನ ಅವರಿಗೆ ಇಪ್ಪತ್ತು ಮನೆ. ಸೊಸೆ ಜಾಣೆ, ದೂರವಾಣಿಯಲ್ಲಿ ವ್ರತವಿಧಾನವನ್ನು ಹಚ್ಚಿ ಮಣೆಯ ಪಕ್ಕದಲ್ಲಿ ಇಟ್ಟಳು. ಕಲಶಪೂಜೆ, ಪ್ರಾಣಪ್ರತಿಷ್ಠೆ, ಹದಿನಾರು ಗಂಟಿನ ದಾರದ ಪೂಜೆ ಎಲ್ಲವೂ ಸಾಂಗವಾಗಿ ನಡೆದುವು. ಕಥೆ ಆರಂಭವಾಯಿತು. ಅಷ್ಟರಲ್ಲಿ ಒಂದು ಜಾಹೀರಾತು ನುಗ್ಗಿ, ಚಿನ್ನದ ಮೇಲೆ ಸಾಲ ಬೇಕೇ ಎಂದು ಕೇಳತೊಡಗಿತು. ನಮ್ಮ ಯಜಮಾನರು ಅದನ್ನು ನಿಲ್ಲಿಸಲು ಹೋಗಿ ಕಥೆಯನ್ನೂ ನಿಲ್ಲಿಸಿದರು. ಸಂಪರ್ಕವೇ ತಪ್ಪಿಹೋಯಿತು. ಗೌರಿಯ ಮುಂದೆ ಅಕ್ಷತೆ ಹಿಡಿದು ಎಲ್ಲರೂ ಕುಳಿತೇ ಇದ್ದೆವು.

ಆಗ ಅಡಿಗೆಯ ಮನೆಯಿಂದ ಅತ್ತೆಯ ದನಿ ಕೇಳಿಸಿತು. ಹೋಳಿಗೆಯ ಹೂರಣ ರುಬ್ಬುತ್ತಿದ್ದವರು ಕೈ ನಿಲ್ಲಿಸಿ, ಕಥೆ ನಿಂತಲ್ಲಿಂದಲೇ ಎತ್ತಿಕೊಂಡರು.

ಸ್ವರ್ಣಗೌರೀ ವ್ರತದ ಕಥೆ ನಮ್ಮ ಸೋದರಿಯರಲ್ಲಿ ಬಹುಮಂದಿಗೆ ಗೊತ್ತು. ಚಂದ್ರಪ್ರಭನೆಂಬ ರಾಜ, ಅವನಿಗೆ ಇಬ್ಬರು ರಾಣಿಯರು. ಬೇಟೆಗೆ ಹೋದಾಗ ಕಾಡಿನ ಕೊಳದ ಬಳಿ ಅಪ್ಸರೆಯರು ವ್ರತ ಮಾಡುವುದನ್ನು ಕಂಡು, ತಾನೂ ಮಾಡಿ, ಕೈಗೆ ದಾರ ಕಟ್ಟಿಕೊಂಡು ಬಂದ. ಹಿರಿಯ ರಾಣಿ ಮಹಾದೇವಿ ಅದೇನು ದಾರವೋ ಎಂದು ಸಿಟ್ಟಿನಿಂದ ಕಿತ್ತು ಎಸೆದಳು. ಅದು ಹೋಗಿ ಒಂದು ಒಣಮರದ ಮೇಲೆ ಬಿದ್ದಿತು, ಒಣಮರ ಚಿಗುರಿತು. ಕಿರಿಯಳು ಅದನ್ನು ಎತ್ತಿ ಕಟ್ಟಿಕೊಂಡು ಪತಿಗೆ ಪ್ರಿಯಳಾದಳು. ಮಹಾದೇವಿ ಅರಮನೆಯನ್ನು ಕಳೆದುಕೊಂಡು ಕಾಡುಪಾಲಾದಳು. ಅಚ್ಚಾದ ಪುಸ್ತಕಗಳು ಇಲ್ಲಿಂದ ಮುಂದಕ್ಕೆ ಬೇಗಬೇಗನೆ ಓಡಿ ಫಲಶ್ರುತಿಗೆ ಬಂದುಬಿಡುತ್ತವೆ. ಅತ್ತೆ ಇಲ್ಲಿಯೇ ನಿಧಾನ ಮಾಡಿದರು. ಋಷಿಗಳ ಒಂದು ಆಶ್ರಮಕ್ಕೆ ಹೋದರೆ, ‘ನೀನು ಇಲ್ಲಿ ನಿಲ್ಲಬೇಡ’ ಎಂದರಂತೆ. ಇನ್ನೊಂದಕ್ಕೆ ಹೋದರೆ ಅಲ್ಲಿಯೂ, ‘ನೀನು ಬಂದರೆ ನಮ್ಮ ಕಾರ್ಯ ಕೆಡುವುದು, ಹೋಗು’ ಎಂದರಂತೆ. ಹೀಗೆ ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಕಾಡಿನ ನಡುವೆ ಅಳುತ್ತ ಕುಳಿತವಳಿಗೆ ದೇವಿ ತಾನಾಗಿಯೇ ಕಾಣಿಸಿಕೊಂಡಳು. “ಯಾರ ಮನೆಯಲ್ಲಿಯೂ ಅಲ್ಲ, ಕಾಡಿನಲ್ಲಿ” ಎಂದು ಒಳಗಿನಿಂದ ಅತ್ತೆ ಒತ್ತಿ ಹೇಳಿದರು. ಮತ್ತೆ ರುಬ್ಬುವ ಸದ್ದು ಕೇಳಿಸಿತು. ನಾವು ಅಕ್ಷತೆ ಹಾಕಿದೆವು.

ಈ ಕಥೆಯನ್ನು ಇಪ್ಪತ್ತು ಸಲವಾದರೂ ಕೇಳಿದ್ದೆವು. ಹಿರಿಯ ರಾಣಿ ಗರ್ವದಿಂದ ಕೆಟ್ಟಳೆಂಬುದಷ್ಟೇ ನಮ್ಮ ತಲೆಯಲ್ಲಿ ನಿಂತಿದ್ದಿತು.

ಮಧ್ಯಾಹ್ನ ಎಲೆಯ ಮುಂದೆ ಮಾತು ಹೊಳೆಯ ಕಡೆಗೆ ತಿರುಗಿತು. ೨೦೨೩ರಲ್ಲಿ ಮಳೆ ಕೈಕೊಟ್ಟು ಕಾವೇರಿ ಬಡವಾಗಿದ್ದಳು. ಘಟ್ಟದ ಮುಂದೆ ಬಂಡೆಗಳೆಲ್ಲ ಬತ್ತಲೆ ನಿಂತಿದ್ದುವೆಂದೂ, ನೀರು ಇದ್ದ ಕಡೆಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೋಗಬೇಕಾಯಿತೆಂದೂ ಸೊಸೆ ಹೇಳಿದಳು. ಶ್ರೀರಂಗಪಟ್ಟಣದ ಕಾವೇರಿಯ ಏರಿಳಿತ ಈಗ ಬರಿಯ ಮಳೆಯ ಕೈಯಲ್ಲಿಲ್ಲ. ಮೇಲುಗಡೆ ಕೃಷ್ಣರಾಜಸಾಗರವಿದೆ. ೧೯೧೧ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷಗಳ ಮೇಲೆ ಮುಗಿದ ಆ ಕಟ್ಟೆಯಲ್ಲಿ ನೀರು ೧೨೪.೮೦ ಅಡಿ ಏರಿದರೆ ತುಂಬಿತೆಂದು ಲೆಕ್ಕ. ತುಂಬಿದ ವರ್ಷ ನಾಡಿನ ಮುಖ್ಯಮಂತ್ರಿಗಳು ಅಲ್ಲಿಗೆ ಹೋಗಿ, ಮೊರದಲ್ಲಿ ಅರಿಸಿನ ಕುಂಕುಮ ರವಿಕೆಕಣಗಳನ್ನಿಟ್ಟು ಕಾವೇರಿಗೆ ಬಾಗಿನ ಅರ್ಪಿಸುವುದು ವಾಡಿಕೆಯಾಗಿದೆ. ೨೦೨೪ರ ಜುಲೈಯಲ್ಲಿ ಕಟ್ಟೆ ತುಂಬಿ ಅದೂ ನಡೆದಿತ್ತು. ಅಣೆಕಟ್ಟೆ ತುಂಬದ ವರ್ಷ ರೈತನ ಮನೆಯಲ್ಲಿ ಯಾರ ಬಾಗಿನವೂ ತುಂಬದೆಂಬುದನ್ನು ನೋಡಿದರೆ ಈ ವಾಡಿಕೆಯಲ್ಲಿ ಅರ್ಥವಿಲ್ಲದೆ ಇಲ್ಲ.

“ಟೀವಿಯಲ್ಲಿ ನೋಡಿದೆ. ಎಲ್ಲ ಗಂಡಸರೇ ಸಾಲಾಗಿ ನಿಂತು ಮೊರ ಹಿಡಿದಿದ್ದರು” ಎಂದು ಅತ್ತೆಯ ಮಗ ಹೇಳಿದ.

ಅತ್ತೆ ಹೋಳಿಗೆಗೆ ತುಪ್ಪ ಬಡಿಸುತ್ತಿದ್ದವರು ನಿಂತರು. ಏನನ್ನೋ ಯೋಚಿಸುವಂತೆ ಮಿಳ್ಳೆಯನ್ನು ಕೈಯಲ್ಲಿಯೇ ಹಿಡಿದುಕೊಂಡಿದ್ದರು. ಆಮೇಲೆ, “ಮುಖ್ಯಮಂತ್ರಿ ಏನು ಮುತ್ತೈದೆಯೇ?” ಎಂದರು.

ಎಲ್ಲರೂ ನಕ್ಕುಬಿಟ್ಟೆವು. ನಗು ಅಡಗಿದ ಮೇಲೆ ಅವರು ನಮ್ಮ ಕಡೆ ನೋಡದೆ, “ಸಂಜೆ ಹೊಳೆಗೆ ಹೋಗೋಣ. ಆ ಮೂಲೆಯಲ್ಲಿ ಇಟ್ಟಿದ್ದೀಯಲ್ಲ, ಅದನ್ನೂ ತೆಗೆದುಕೋ” ಎಂದರು.

ಸ್ನಾನಘಟ್ಟದಲ್ಲಿ ಸಂಜೆಯ ಬಿಸಿಲು ನೀರಿನ ಮೇಲೆ ಮಲಗಿದ್ದಿತು. ಹೊಳೆ ತುಂಬಿಯೇ ಇದ್ದಳು. ಮೆಟ್ಟಿಲಿನ ಮೇಲೆಲ್ಲ ಹೆಂಗಸರು. ಹೂವು, ಹಣ್ಣಿನ ಸಿಪ್ಪೆ, ಹರಿದ ಪೊಟ್ಟಣಗಳು. ಈ ಕಸವನ್ನು ಕಂಡು ಸುಮ್ಮನಿರುವುದು ನಮ್ಮಿಂದಾಗದು. ತಾಯಿ ಎಂದು ಕರೆದು ಪ್ಲಾಸ್ಟಿಕ್ಕನ್ನು ಮಡಿಲಿಗೆ ಸುರಿಯುವುದು ಯಾವ ಊರಿನ ಪೂಜೆ? ಅತ್ತೆಯಂತೂ ಮನೆಯಲ್ಲಿಯೇ ಮೊರವನ್ನು ಬಿಚ್ಚಿ ಪ್ಲಾಸ್ಟಿಕ್ಕಿನ ಬಾಚಣಿಗೆಯನ್ನೂ ಕನ್ನಡಿಯನ್ನೂ ತೆಗೆದಿಟ್ಟು, ಬೇಳೆಗಳನ್ನು ಬಾಳೆ ಎಲೆಯಲ್ಲಿ ಕಟ್ಟಿಕೊಟ್ಟಿದ್ದರು. ಕೆಳಗಡೆ ಸೊಂಟದಷ್ಟು ನೀರಿನಲ್ಲಿ ನಾಲ್ಕೈದು ಹುಡುಗರು ಕೋಲು ಹಿಡಿದು ನಿಂತಿದ್ದರು. ತೇಲಿ ಬಂದ ಬಾಗಿನಗಳನ್ನು ಎಳೆದುಕೊಂಡು ತೆಂಗಿನಕಾಯಿ, ರವಿಕೆಕಣ, ಚಿಲ್ಲರೆ ಆರಿಸಿಕೊಳ್ಳುವುದು ಅವರ ಹಬ್ಬ. ನಮ್ಮ ಯಜಮಾನರು ಗದರಿಸಲು ಬಾಯಿ ತೆರೆದರು. ಅತ್ತೆ ಬೇಡವೆಂದು ಕೈ ತೋರಿಸಿದರು.

ಅವರು ಮಗಳ ಭುಜವನ್ನು ಹಿಡಿದು ಒಂದೊಂದೇ ಮೆಟ್ಟಿಲಿಳಿದು ನೀರಿಗೆ ಹೋದರು. ಮೊಣಕಾಲಿಗೆ ನೀರು ಬರುವಲ್ಲಿ ನಿಂತು ಹೊಳೆಗೆ ಬೆನ್ನುಮಾಡಿ ನಮ್ಮ ಕಡೆಗೆ ತಿರುಗಿದರು. ನಾವು ಎರಡು ಮೆಟ್ಟಿಲು ಮೇಲಿದ್ದೆವು. ಸೆರಗಿನ ತುದಿಯನ್ನು ಮೊರದ ಮೇಲೆ ಮುಚ್ಚಿ, ಎರಡು ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದೆವು. ಅತ್ತೆ ಒಂದು ಗಳಿಗೆ ಸುಮ್ಮನೆ ನಿಂತಿದ್ದರು. ಆಮೇಲೆ ತಮ್ಮ ಸೆರಗನ್ನು ಎಳೆದು ಕೈಗಳ ಮೇಲೆ ಹೊದೆದುಕೊಂಡು, ಮೊರದ ಆ ಅಂಚನ್ನು ಹಿಡಿದರು. ಮೊರ ಹಾಗೆಯೇ ಇಬ್ಬರ ನಡುವೆ ನಿಂತಿದ್ದಿತು. ಅವರ ಬೆರಳುಗಳು ನಡುಗುವುದು ಬಿದಿರಿನ ಮೂಲಕ ನಮ್ಮ ಕೈಗೆ ತಿಳಿಯುತ್ತಿದ್ದಿತು. ಇಂಥ ವೇಳೆಗೆ ಹೇಳುವ ಮಂತ್ರವೊಂದಿದೆ. ಅದು ನಮಗೆ ನೆನಪಾಗಲಿಲ್ಲ.

“ಬಿಡು, ಭಾರವಿಲ್ಲ” ಎಂದರು.

ನಾವು ಕೈಬಿಟ್ಟೆವು. ಅವರು ಮೊರವನ್ನು ಎದೆಯ ಹತ್ತಿರಕ್ಕೆ ತಂದುಕೊಂಡು ಎಷ್ಟು ಹೊತ್ತು ನಿಂತಿದ್ದರೋ ಹೇಳಲಾರೆವು. ಮಗಳು, “ಅಜ್ಜಿ, ಬಿಡಿ” ಎಂದು ಅವಸರಪಡಿಸಿದಳು. ಆಗ ತಿರುಗಿ, ಬಗ್ಗಿ, ಮಗುವನ್ನು ತೊಟ್ಟಿಲಿನಲ್ಲಿ ಇಡುವಂತೆ ಅದನ್ನು ನೀರಿನ ಮೇಲೆ ಇಟ್ಟರು. ಸುಳಿ ಅದನ್ನು ಎರಡು ಸುತ್ತು ತಿರುಗಿಸಿ ಆಚೆಗೆ ಒಯ್ದಿತು.

ಅದು ಹುಡುಗರ ಹತ್ತಿರ ಬರುತ್ತಿದ್ದಂತೆ ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ಕೋಲು ಚಾಚಿದ. ಅತ್ತೆ ನೀರಿನಿಂದಲೇ ಕೂಗಿ ಹೇಳಿದರು:

“ಕಾಯಿ ಒಂದನ್ನೇ ಕಿತ್ತುಕೊಳ್ಳಬೇಡ ಕಣೋ. ಮೊರವನ್ನು ಎತ್ತಿ ಹಿಡಿ, ಅಕ್ಕಿ ನೆನೆಯುತ್ತೆ. ನಿಮ್ಮಮ್ಮನಿಗೆ ಕೊಡು!”